ದುಡಿಯುವ ಕೈಯ ಜೋಮು: ಅಲಕ್ಷ್ಯ ಸಲ್ಲದು

ಮಾನವನ ಅವಯವಗಳಲ್ಲಿ ಕೈಯ ಸ್ಥಾನ ವಿಶಿಷ್ಟವಾದುದು. ಉಣ್ಣಲು, ಉಡಲು, ದುಡಿಯಲು, ಬಂದವರಿಗೆ ನೀಡಲು, ಎಳೆಯ ಕಂದನನ್ನು ಎತ್ತಿಕೊಳ್ಳಲು ಕೈಯೇ ಬೇಕು. ಶರಣರ ಮಾರ್ಗದಲ್ಲಿ ನಡೆಯುವವರಿಗಂತೂ ಕಾಯಕಕ್ಕೂ ಕೈ ಬೇಕು, ಇಷ್ಟಲಿಂಗವನ್ನು ಇರಿಸಿಕೊಂಡು ಪೂಜಿಸಲು ಕರಸ್ಥಲವೂ ಬೇಕು. ಹೀಗಿದ್ದೂ ನಾವು ಬಹಳ ಕಡಿಮೆ ಗಮನ ಕೊಡುವ ಅಂಗವೂ ಕೈಯೇ. ಕಣ್ಣು ಮಂಜಾದರೆ ವೈದ್ಯರಲ್ಲಿಗೆ ಓಡುತ್ತೇವೆ. ಹಲ್ಲುನೋವು ಬಂದರೆ ಒಂದು ರಾತ್ರಿಯನ್ನೂ ತಾಳಲಾರೆವು. ಕೈ ಮರಗಟ್ಟಿದರೆ ಮಾತ್ರ ಒಮ್ಮೆ ಕೊಡವಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತೇವೆ. ಹೀಗೆ ಕೊಡವಿ ಮರೆಯುವ ಜೋಮಿನ ಹಿಂದೆ ಅಡಗಿರಬಹುದಾದ ಒಂದು ರೋಗವನ್ನು ಕುರಿತು ಕುಟುಂಬದ ಎಲ್ಲರೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ನಿವೇದಿಸಲಾಗಿದೆ.

ಸುಗ್ಗಿಯ ರಾತ್ರಿಗಳು

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ತುಂಗಾ ಭದ್ರಾ ನದಿಗಳ ಮಡಿಲಲ್ಲಿರುವ ಮಲೆನಾಡು. ಅಡಿಕೆ, ಕಾಫಿ, ಕಾಳುಮೆಣಸು, ಬತ್ತ ಇವು ಇಲ್ಲಿನ ಜನರ ಜೀವನಾಧಾರ. ಮಳೆ ಹಿಂದೆಗೆದು ಅಡಿಕೆಯ ಕೊಯ್ಲು ಮೊದಲಾಯಿತೆಂದರೆ ಮನೆಯಂಗಳದಲ್ಲಿ ಮೆಟ್ಟುಗತ್ತಿಗಳು ಸಾಲುಗೂಡುತ್ತವೆ. ಹಸಿ ಅಡಿಕೆಯನ್ನು ಬಹುಕಾಲ ಹಾಗೆಯೇ ಇಡುವಂತಿಲ್ಲ. ಸುಲಿದು, ಬೇಯಿಸಿ, ಒಣಗಿಸಬೇಕು. ಆದುದರಿಂದ ಹಗಲಿನ ಕೆಲಸ ಮುಗಿದ ಮೇಲೆಯೂ ದೀಪದ ಬೆಳಕಿನಲ್ಲಿ ಸುಲಿತ ಸಾಗುತ್ತದೆ. ಈಚಿನ ವರ್ಷಗಳಲ್ಲಿ ಸುಲಿಯುವ ಯಂತ್ರಗಳು ಬಂದು ಈ ಶ್ರಮ ಎಷ್ಟೋ ತಗ್ಗಿರುವುದು ನಿಜ. ಆದರೂ ಕೈಯಿಂದ ಸುಲಿಯುವ ಪದ್ಧತಿ ನಿಂತುಹೋಗಿಲ್ಲ. ಈ ಕೆಲಸದಲ್ಲಿ ಸ್ತ್ರೀಯರ ಪಾಲೇ ಹೆಚ್ಚು.

ಸುಲಿಯುವ ಬಗೆಯನ್ನು ಒಮ್ಮೆ ಗಮನಿಸಿ ನೋಡಬೇಕು. ಒಂದೊಂದು ಕಾಯಿಯನ್ನೂ ಬೆರಳುಗಳಿಂದ ಬಿಗಿಯಾಗಿ ಹಿಡಿದು, ಅಲಗಿಗೆ ಒತ್ತಿ, ಮಣಿಕಟ್ಟನ್ನು ತಿರುಗಿಸಿ ಸಿಪ್ಪೆಯನ್ನು ಬಿಡಿಸಬೇಕು. ಒಂದೇ ಸಂಜೆಯಲ್ಲಿ ಈ ಕ್ರಿಯೆ ನೂರಾರು ಬಾರಿ ಪುನರಾವರ್ತನೆಯಾಗುತ್ತದೆ. ಸುಲಿದಷ್ಟಕ್ಕೆ ಕೂಲಿ ಎಂಬ ಲೆಕ್ಕವಿದ್ದಲ್ಲಿ ಕೈಗೆ ಬಿಡುವು ಕೊಡುವವರೂ ವಿರಳ.

ಇಂತಹ ದಿನಗಳಲ್ಲಿ ಮನೆಯ ತಾಯಿಯೊಬ್ಬರು ನಡುರಾತ್ರಿ ಎದ್ದು ಕುಳಿತು ಕೈ ಕೊಡವಿಕೊಳ್ಳುವುದನ್ನು ಎಷ್ಟೋ ಮಕ್ಕಳು ಕಂಡಿರಬಹುದು. ಬೆರಳುಗಳಲ್ಲಿ ಸೂಜಿ ಚುಚ್ಚಿದಂತೆ, ಇರುವೆ ಹರಿದಂತೆ ಆಗುತ್ತದೆ. ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಅಥವಾ ಜಾಡಿಸಿದರೆ ತುಸು ಹಿತ. ಬೆಳಗ್ಗೆ ಎದ್ದಾಗ ಬೆರಳು ಬಿಗಿದಿರುತ್ತದೆ. ಕೇಳಿದರೆ, “ಏನಿಲ್ಲ, ವಾತ. ಸುಗ್ಗಿ ಮುಗಿದರೆ ಸರಿಹೋಗುತ್ತದೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೆಲವೊಮ್ಮೆ ಸುಗ್ಗಿ ಮುಗಿದಾಗ ಅದು ಸರಿಹೋಗುವುದೂ ಉಂಟು. ಮರುವರ್ಷ ಇನ್ನಷ್ಟು ಬೇಗನೆ ಮರಳುವುದೂ ಉಂಟು. ಈ ಲಕ್ಷಣಗಳಿಗೆ ಬಹುಮಟ್ಟಿಗೆ ಕಾರಣವಾಗಿರುವುದು ವೈದ್ಯರು ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಕರೆಯುವ ವ್ಯಾಧಿ. ಕನ್ನಡದಲ್ಲಿ ಇದನ್ನು ಮಣಿಕಟ್ಟಿನ ಸುರಂಗದ ನರಬಾಧೆ ಎನ್ನಬಹುದು.

ಮಣಿಕಟ್ಟಿನೊಳಗಿನ ಸುರಂಗ

ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಅವು ಕಮಾನಿನಂತೆ ಜೋಡಣೆಗೊಂಡು ಒಂದು ತೊಟ್ಟಿಯ ಆಕಾರವನ್ನು ಪಡೆದಿವೆ. ಅಂಗೈಯ ಕಡೆಯಿಂದ ಈ ತೊಟ್ಟಿಯ ಮೇಲೆ ದಪ್ಪನಾದ, ಹಿಗ್ಗದ ಒಂದು ಪಟ್ಟಿ ಅಡ್ಡಲಾಗಿ ಹಾಸಿಕೊಂಡಿದೆ. ಇವೆರಡರ ನಡುವಿನ ಇಕ್ಕಟ್ಟಾದ ದಾರಿಯೇ ಸುರಂಗ. ಬೆರಳುಗಳನ್ನು ಮಡಚುವ 9 ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಈ ಸುರಂಗದ ಮೂಲಕವೇ ಅಂಗೈಯನ್ನು ಸೇರಬೇಕು. ಸ್ನಾಯುರಜ್ಜುಗಳ ಸುತ್ತಲಿನ ಪೊರೆ ಊದಿಕೊಂಡಾಗ, ದೇಹದಲ್ಲಿ ನೀರು ತುಂಬಿಕೊಂಡಾಗ ಅಥವಾ ಹಿಂದೆ ಮುರಿದ ಮೂಳೆ ವಕ್ರವಾಗಿ ಕೂಡಿಕೊಂಡಾಗ ಒಳಗಿನ ಜಾಗ ಇನ್ನಷ್ಟು ಕಿರಿದಾಗುತ್ತದೆ. ಮೂಳೆಯಾಗಲಿ ಪಟ್ಟಿಯಾಗಲಿ ಸರಿದು ಎಡೆಮಾಡಿಕೊಡುವುದಿಲ್ಲ. ಅಲ್ಲಿರುವ ಮೃದುವಾದ ವಸ್ತು ನರವೊಂದೇ. ಒತ್ತಡವೆಲ್ಲವೂ ಅದರ ಮೇಲೆ ಬೀಳುತ್ತದೆ. ಒತ್ತಡಕ್ಕೆ ಸಿಲುಕಿದ ನರಕ್ಕೆ ರಕ್ತಸಂಚಾರ ಕುಗ್ಗುತ್ತದೆ, ಅದು ಒಯ್ಯಬೇಕಾದ ಸಂದೇಶ ತಡೆಯುತ್ತದೆ. ಅದರ ಮೊದಲ ದೂರೇ ಜೋಮು.

ಮಣಿಕಟ್ಟನ್ನು ಒಳಕ್ಕೆ ಮಡಚಿದರೂ ಹಿಂದಕ್ಕೆ ಬಾಗಿಸಿದರೂ ಸುರಂಗದೊಳಗಿನ ಒತ್ತಡ ಏರುತ್ತದೆ. ನಿದ್ರೆಯಲ್ಲಿ ನಾವು ಅರಿವಿಲ್ಲದೆ ಕೈಯನ್ನು ಮಡಚಿಟ್ಟು ಮಲಗುತ್ತೇವೆ. ರೋಗವು ರಾತ್ರಿಯಲ್ಲಿ ಹೆಚ್ಚಾಗಿ ಕಾಡುವುದಕ್ಕೆ ಇದೊಂದು ಮುಖ್ಯ ಕಾರಣ.

ಮಣಿಕಟ್ಟಿಗೆ ಪೆಟ್ಟಾದ ಬಳಿಕ ಈ ನರ ಒತ್ತಡಕ್ಕೆ ಸಿಲುಕುವುದನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1854ರಲ್ಲಿಯೇ ವಿವರಿಸಿದ್ದರು. ಆದರೆ ರೋಗದ ಸ್ವರೂಪ ವೈದ್ಯಲೋಕಕ್ಕೆ ವ್ಯಾಪಕವಾಗಿ ಪರಿಚಯವಾದುದು 1950ರ ದಶಕದಿಂದೀಚೆಗೆ, ಅಮೆರಿಕದ ವೈದ್ಯ ಜಾರ್ಜ್ ಫೇಲನ್ ಅವರ ಬರಹಗಳಿಂದ.

ಯಾವ ಬೆರಳು ಎಂಬುದನ್ನು ನೋಡಿ

ಈ ರೋಗವನ್ನು ಗುರುತಿಸಲು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಜೋಮು ಯಾವ ಬೆರಳುಗಳಲ್ಲಿ ಎಂಬುದು. ಮೀಡಿಯನ್ ನರವು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧಭಾಗಕ್ಕೆ ಸ್ಪರ್ಶಜ್ಞಾನವನ್ನು ನೀಡುತ್ತದೆ. ಕಿರುಬೆರಳಿನ ನರವೇ ಬೇರೆ. ಅದು ಈ ಸುರಂಗದ ಮೂಲಕ ಹಾಯುವುದಿಲ್ಲ. ಆದುದರಿಂದ ಈ ವ್ಯಾಧಿಯಲ್ಲಿ ಸಾಮಾನ್ಯವಾಗಿ ಕಿರುಬೆರಳಿಗೆ ಬಾಧೆಯಿರುವುದಿಲ್ಲ. ಅಂಗೈಯ ನಡುಭಾಗಕ್ಕೆ ಹೋಗುವ ನರದ ಕವಲು ಸುರಂಗಕ್ಕೆ ಮೊದಲೇ ಬೇರ್ಪಟ್ಟು ಹೊರಗಿನಿಂದಲೇ ಸಾಗುತ್ತದೆ. ಹಾಗಾಗಿ ಬೆರಳ ತುದಿಗಳು ಮರಗಟ್ಟಿದವರಿಗೂ ಅಂಗೈಯ ಸ್ಪರ್ಶ ಉಳಿದಿರುತ್ತದೆ. ಪೂಜೆಗೆ ಕುಳಿತಾಗ ಕರಸ್ಥಲದಲ್ಲಿರುವ ಲಿಂಗದ ಸ್ಪರ್ಶ ಅರಿವಿಗೆ ಬರುತ್ತದೆ, ಅದನ್ನು ಆಧರಿಸಿ ಹಿಡಿಯಬೇಕಾದ ಬೆರಳುಗಳು ಮಾತ್ರ ತಮ್ಮವಲ್ಲವೇನೋ ಎನಿಸುತ್ತದೆ. ಹೀಗೆ ಅನುಭವಿಸುವವರು ತಮ್ಮ ಭಕ್ತಿಯಲ್ಲಿ ಏನೋ ಕೊರತೆಯೆಂದು ನೊಂದುಕೊಳ್ಳಬೇಕಾದುದಿಲ್ಲ. ಕೊರತೆ ಇರುವುದು ನರಕ್ಕೆ ದೊರೆಯಬೇಕಾದ ಎಡೆಯಲ್ಲಿ.

ಕಾಲ ಕಳೆದಂತೆ ಇತರ ಲಕ್ಷಣಗಳು ತೋರುತ್ತವೆ. ರವಿಕೆಯ ಗುಂಡಿ ಹಾಕುವುದು, ಸೂಜಿಗೆ ದಾರ ಪೋಣಿಸುವುದು, ಹೂ ಕಟ್ಟುವುದು ಕಷ್ಟವಾಗುತ್ತದೆ. ಲೋಟ, ಸೌಟು ಕೈಯಿಂದ ಜಾರುತ್ತವೆ. ನೋವು ಮೊಣಕೈಯವರೆಗೆ, ಕೆಲವರಿಗೆ ಭುಜದವರೆಗೂ ಹಬ್ಬುವುದುಂಟು. ಕೊನೆಯ ಹಂತದಲ್ಲಿ ಹೆಬ್ಬೆರಳಿನ ಬುಡದಲ್ಲಿರುವ ಉಬ್ಬಿದ ಮಾಂಸ ಕರಗಿ ಆ ಭಾಗ ಚಪ್ಪಟೆಯಾಗುತ್ತದೆ.

ಎಲ್ಲ ಜೋಮೂ ಈ ರೋಗವೇ ಎಂದು ಭಾವಿಸಬಾರದು. 1999ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 14 ಮಂದಿ ಕೈಯ ನೋವು, ಜೋಮುಗಳನ್ನು ಹೇಳಿಕೊಂಡಿದ್ದರು. ವೈದ್ಯರ ಪರೀಕ್ಷೆ ಹಾಗೂ ನರದ ಪರೀಕ್ಷೆ ಎರಡರಿಂದಲೂ ಈ ರೋಗ ಖಚಿತವಾದುದು ನೂರಕ್ಕೆ ಸುಮಾರು 3 ಮಂದಿಯಲ್ಲಿ ಮಾತ್ರ. ಕತ್ತಿನ ಮೂಳೆಗಳ ಸವೆತ, ಮಧುಮೇಹದ ನರದೌರ್ಬಲ್ಯ, ಮೊಣಕೈಯ ಬಳಿ ನರ ಒತ್ತಿಕೊಳ್ಳುವುದು ಮುಂತಾದವುಗಳಿಂದಲೂ ಕೈ ಜೋಮು ಹಿಡಿಯಬಹುದು. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆಯಿದ್ದರೆ ಕುಷ್ಠರೋಗದ ಪರೀಕ್ಷೆ ಅಗತ್ಯ. ಹಠಾತ್ತನೆ ಒಂದು ಪಾರ್ಶ್ವದ ಕೈಕಾಲು ಬಲಗುಂದಿದರೆ, ಮಾತು ತೊದಲಿದರೆ, ಅಥವಾ ಎದೆನೋವು ಮತ್ತು ಬೆವರಿನೊಡನೆ ತೋಳು ಸೆಳೆದರೆ ಅದು ಬೇರೆಯೇ ಅಪಾಯದ ಸೂಚನೆ. ಒಂದು ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಯಾರಿಗೆ, ಏಕೆ?

ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗ ಹೆಚ್ಚು. ಅದರಲ್ಲಿಯೂ 40ರಿಂದ 60ರ ವಯಸ್ಸಿನವರಲ್ಲಿ ಹೆಚ್ಚು. ಮಧುಮೇಹ, ಥೈರಾಯ್ಡ್ ಗ್ರಂಥಿಯ ಸ್ರಾವದ ಕೊರತೆ, ಕೀಲುಗಳ ಉರಿಯೂತ, ಸ್ಥೂಲಕಾಯ ಇವು ರೋಗಕ್ಕೆ ಎಡೆಮಾಡಿಕೊಡುತ್ತವೆ. ಗರ್ಭಿಣಿಯರಲ್ಲಿ ದೇಹದಲ್ಲಿ ನೀರಿನಂಶ ಏರುವುದರಿಂದ ಕೊನೆಯ ತಿಂಗಳುಗಳಲ್ಲಿ ಕೈ ಜೋಮು ಹಿಡಿಯುವುದುಂಟು. ಹೆರಿಗೆಯ ನಂತರ ಬಹುತೇಕ ಇದು ತಾನಾಗಿಯೇ ಇಳಿಯುತ್ತದೆ.

ಇವುಗಳ ಜೊತೆಗೆ ದುಡಿಮೆಯ ಪಾತ್ರವೂ ಇದೆ. ಬಲವಾದ ಹಿಡಿತ, ಮಣಿಕಟ್ಟಿನ ಪುನಃ ಪುನಃ ಚಲನೆ, ಯಂತ್ರದ ಕಂಪನ ಇವು ಕೂಡಿದ ಕೆಲಸಗಳಲ್ಲಿ ಈ ವ್ಯಾಧಿ ಹೆಚ್ಚೆಂಬುದು ಬೇರೆ ಬೇರೆ ದೇಶಗಳ ಮಾಂಸ ಸಂಸ್ಕರಣೆಯ ಕಾರ್ಮಿಕರು, ಹಾಲು ಕರೆಯುವವರು, ಮರ ಕೊಯ್ಯುವ ಯಂತ್ರ ಹಿಡಿದ ಅರಣ್ಯ ಕಾರ್ಮಿಕರು ಇವರಲ್ಲಿ ನಡೆದ ಅಧ್ಯಯನಗಳಿಂದ ತಿಳಿದುಬಂದಿದೆ. ನಮ್ಮ ಮಲೆನಾಡಿನ ಕೆಲಸಗಳನ್ನು ಈ ಅಳತೆಗೋಲಿನಿಂದ ನೋಡೋಣ. ಅಡಿಕೆ ಸುಲಿಯುವಲ್ಲಿ ಬಿಗಿ ಹಿಡಿತವೂ ಇದೆ, ಮಣಿಕಟ್ಟಿನ ತಿರುಗಣೆಯೂ ಇದೆ. ಕಾಫಿ ಹಣ್ಣನ್ನು ಬಿಡಿಸುವಲ್ಲಿ ಬೆರಳುಗಳಿಗೆ ದಿನವಿಡೀ ಅದೇ ಕೆಲಸ. ಕಳೆ ಕೊಚ್ಚುವ ಯಂತ್ರವನ್ನೂ ಮರ ಕೊಯ್ಯುವ ಗರಗಸವನ್ನೂ ಹಿಡಿಯುವ ಯುವಕರ ಕೈಗೆ ಗಂಟೆಗಟ್ಟಲೆ ಕಂಪನ. ಮನೆಯೊಳಗೆ ಬಂದರೆ ಹಸುವಿನ ಹಾಲು ಕರೆಯುವುದು, ಒದ್ದೆ ಕಂಬಳಿ ಹಿಂಡುವುದು, ರೊಟ್ಟಿ ತಟ್ಟುವುದು, ಒತ್ತು ಶ್ಯಾವಿಗೆಯ ಒರಳನ್ನು ಅದುಮುವುದು. ಇವುಗಳಲ್ಲಿ ಯಾವುದೊಂದೂ ತಾನೇ ರೋಗವನ್ನು ತರುತ್ತದೆಂದು ಹೇಳಲಾಗದು. ಆದರೆ ಬೆಳಗಿನ ಹಾಲಿನಿಂದ ಮೊದಲುಗೊಂಡು ರಾತ್ರಿಯ ಸುಲಿತದವರೆಗೆ ಎಲ್ಲವೂ ಒಬ್ಬರದೇ ಕೈಯಲ್ಲಿ ನಡೆದಾಗ, ಅವರಿಗೆ ಮಧುಮೇಹವೋ ಥೈರಾಯ್ಡ್ ಕೊರತೆಯೋ ಇದ್ದಾಗ, ನರ ಸೋಲುವುದು ಆಶ್ಚರ್ಯವಲ್ಲ.

ಕಾಲಮಿತಿಯನ್ನು ಮರೆಯಬಾರದು

ಈ ಲೇಖನದಲ್ಲಿ ವಾಚಕರು ಮುಖ್ಯವಾಗಿ ನೆನಪಿನಲ್ಲಿಡಬೇಕಾದ ಮಾತು ಇದು. ಜೋಮು ಬಂದು ಹೋಗುತ್ತಿರುವವರೆಗೆ ನರ ಬಳಲಿದೆ, ಇನ್ನೂ ಕೆಟ್ಟಿಲ್ಲ. ಆ ಹಂತದಲ್ಲಿ ಒತ್ತಡ ತಗ್ಗಿಸಿದರೆ ಅದು ಚೇತರಿಸಿಕೊಳ್ಳುತ್ತದೆ. ಜೋಮು ಹಗಲೂ ರಾತ್ರಿ ಬಿಡದೆ ನಿಂತು, ಹೆಬ್ಬೆರಳಿನ ಬುಡದ ಮಾಂಸ ಕರಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಕಳೆದುಹೋದ ಶಕ್ತಿ ಪೂರ್ಣವಾಗಿ ಮರಳದಿರಬಹುದು. ಇನ್ನೊಂದು ಮೋಸದ ಸಂಗತಿಯೂ ಉಂಟು. ನರ ತೀರ ದುರ್ಬಲವಾದಾಗ ಕೆಲವರಿಗೆ ನೋವು ಕಡಿಮೆಯಾಗುತ್ತದೆ. ಗುಣವಾಯಿತೆಂದು ಅವರು ಸಮಾಧಾನಪಡುತ್ತಾರೆ. ವಸ್ತುತಃ ಅದು ನೋವನ್ನು ತಿಳಿಸುವ ಶಕ್ತಿಯೇ ಉಡುಗಿದುದರ ಗುರುತು. ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಬಂದು ಕೂಡಿದರೆ ಮಾತ್ರ ಕೈ ಏನನ್ನಾದರೂ ಹಿಡಿಯಬಲ್ಲದು. ಆ ಕೂಡುವಿಕೆ ತಪ್ಪಿದರೆ ದುಡಿದುಣ್ಣುವವರ ಬದುಕೇ ತಪ್ಪಿದಂತೆ. ಆದುದರಿಂದ ಜೋಮು ಕೆಲವು ವಾರಗಳವರೆಗೆ ಮರುಕಳಿಸುತ್ತಿದ್ದರೆ ಸುಗ್ಗಿ ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸುವುದು ಕ್ಷೇಮ.

ಪರೀಕ್ಷೆ ಮತ್ತು ಚಿಕಿತ್ಸೆ

ವೈದ್ಯರು ಮೊದಲು ಮಾಡುವ ಪರೀಕ್ಷೆ ಸರಳವಾದುದು. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳು ಕೆಳಮುಖವಾಗಿರುವಂತೆ ಮಣಿಕಟ್ಟನ್ನು ಮಡಚಿ 60 ಸೆಕೆಂಡು ಹಿಡಿಯಬೇಕು. ಅಷ್ಟರಲ್ಲಿ ಮೇಲೆ ಹೇಳಿದ ಬೆರಳುಗಳಲ್ಲಿ ಜೋಮು ಕಾಣಿಸಿದರೆ ರೋಗದ ಶಂಕೆ ಬಲವಾಗುತ್ತದೆ. ಇದಕ್ಕೆ ಫೇಲನ್ ಪರೀಕ್ಷೆಯೆಂದು ಹೆಸರು. ಮಣಿಕಟ್ಟಿನ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟಿ ನೋಡುವುದೂ ಉಂಟು. ಜೋಮು ಬಾರದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ತೀರ್ಮಾನಿಸಲಾಗದು. ಅಗತ್ಯವಿದ್ದಲ್ಲಿ ನರದ ಮೂಲಕ ಅಲ್ಪ ವಿದ್ಯುತ್ತನ್ನು ಹಾಯಿಸಿ ಸಂದೇಶ ಸಾಗುವ ವೇಗವನ್ನು ಅಳೆಯುತ್ತಾರೆ. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಮತ್ತು ಥೈರಾಯ್ಡ್ ಸ್ರಾವವನ್ನು ಪರೀಕ್ಷಿಸಿಕೊಳ್ಳುವುದೂ ಒಳ್ಳೆಯದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲು ತೋರಿಸಿ, ವೈದ್ಯರು ಸೂಚಿಸಿದರೆ ಶಿವಮೊಗ್ಗ, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಿಗೆ ಹೋಗಬಹುದು.

ಆರಂಭದ ಹಂತದಲ್ಲಿ ಮುಖ್ಯ ಚಿಕಿತ್ಸೆಯೆಂದರೆ ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿ ನಿಲ್ಲುವಂತೆ ಸ್ಪ್ಲಿಂಟ್ ಎಂಬ ಆಧಾರಪಟ್ಟಿಯನ್ನು ಕಟ್ಟಿಕೊಳ್ಳುವುದು. ಒಂದೆರಡು ರಾತ್ರಿ ಕಟ್ಟಿ ಬಿಟ್ಟರೆ ಪ್ರಯೋಜನವಿಲ್ಲ. ಸುಮಾರು 6 ವಾರ ನಿಷ್ಠೆಯಿಂದ ಬಳಸಬೇಕು. ಇದರಿಂದ ಗುಣ ಕಾಣದಿದ್ದರೆ ಸುರಂಗದೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ನೀಡುವುದುಂಟು. ಊತ ಇಳಿದು ವಾರಗಳು, ಕೆಲವೊಮ್ಮೆ ತಿಂಗಳುಗಳ ಕಾಲ ನೆಮ್ಮದಿ ದೊರೆಯುತ್ತದೆ. ಅನೇಕರಿಗೆ ಬಾಧೆ ಮರಳುತ್ತದೆ. ಮಧುಮೇಹಿಗಳಲ್ಲಿ ಈ ಚುಚ್ಚುಮದ್ದಿನ ನಂತರ ಕೆಲವು ದಿನ ಸಕ್ಕರೆಯ ಪ್ರಮಾಣ ಏರುವುದರಿಂದ ಮೊದಲೇ ವೈದ್ಯರಿಗೆ ತಿಳಿಸಬೇಕು.

ಶಸ್ತ್ರಚಿಕಿತ್ಸೆಯೆಂದೊಡನೆ ನಮ್ಮವರು ಹೌಹಾರುವುದು ಸಹಜ. ಆದರೆ ಇದು ಸಣ್ಣ ಶಸ್ತ್ರಕ್ರಿಯೆ. ಸಾಮಾನ್ಯವಾಗಿ ಕೈಯಷ್ಟನ್ನೇ ಮರಗಟ್ಟಿಸಿ, ಸುರಂಗದ ಮೇಲಿನ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಎಡೆಮಾಡಿಕೊಡುತ್ತಾರೆ. ನರವನ್ನು ಕತ್ತರಿಸುವುದಿಲ್ಲ ಎಂಬುದನ್ನು ಮನೆಯ ಹಿರಿಯರಿಗೆ ತಿಳಿಹೇಳಬೇಕು. ಬಹುತೇಕ ಅದೇ ದಿನ ಮನೆಗೆ ಮರಳಬಹುದು. ಹೊಲಿಗೆಯನ್ನು 10ರಿಂದ 14 ದಿನಗಳಲ್ಲಿ ತೆಗೆಯುತ್ತಾರೆ. ರಾತ್ರಿಯ ಜೋಮು ಬೇಗನೆ ನಿಲ್ಲುತ್ತದೆ. ಬಿಗಿ ಹಿಡಿತದ ಶಕ್ತಿ ಮರಳಲು ಮಾತ್ರ ಕೆಲವು ತಿಂಗಳು ಬೇಕು. ಅಡಿಕೆ ಬೆಳೆಯುವ ಮನೆಗಳವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ಕೊಯ್ಲಿಗೆ ಸಾಕಷ್ಟು ಮುಂಚೆಯೇ ಚಿಕಿತ್ಸೆಯ ಏರ್ಪಾಡು ಮಾಡಿಕೊಳ್ಳುವುದು ಲೇಸು. ಮಾಂಸ ಕರಗತೊಡಗಿದವರು ಮಾತ್ರ ಕೊಯ್ಲಿನ ಲೆಕ್ಕ ಹಾಕುತ್ತ ಕೂಡಬಾರದು.

ಮನೆಯಲ್ಲಿ ವಹಿಸಬೇಕಾದ ಎಚ್ಚರ

ಜೋಮು ಹಿಡಿದ ಬೆರಳಿಗೆ ಬಿಸಿಯ ಅರಿವು ಕಡಿಮೆ. ಬೇಯುತ್ತಿರುವ ಅಡಿಕೆಯ ಹಂಡೆಯ ಬಳಿ, ಕಾದ ಹಂಚಿನ ಬಳಿ ಸುಟ್ಟುಕೊಂಡರೂ ತಿಳಿಯದಿರಬಹುದು. ಮರಗಟ್ಟಿದ ಕೈಗೆ ಕುದಿಯುವ ನೀರಿನ ಶಾಖ ಕೊಡುವುದು, ಬರೆ ಹಾಕಿಸುವುದು ಅಪಾಯಕರ. ಮಣಿಕಟ್ಟಿಗೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡರೆ ಒತ್ತಡ ಹೆಚ್ಚುವುದೇ ಹೊರತು ಇಳಿಯುವುದಿಲ್ಲ. ಎಣ್ಣೆ ಹಚ್ಚಿ ಮೃದುವಾಗಿ ನೀವಿಕೊಂಡರೆ ಹಿತವೆನಿಸಬಹುದು. ಅದನ್ನೇ ಚಿಕಿತ್ಸೆಯೆಂದು ನಂಬಿ ವರ್ಷಗಳನ್ನು ಕಳೆಯಬಾರದು. ನರಕ್ಕೆ ಶಕ್ತಿ ಬರುವುದೆಂದು ವೈದ್ಯರನ್ನು ಕೇಳದೆ ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ನುಂಗುವುದರಿಂದ ಈ ರೋಗ ಗುಣವಾಗುತ್ತದೆಂಬುದಕ್ಕೆ ತಕ್ಕ ಆಧಾರವಿಲ್ಲ.

ಕೆಲಸದ ನಡುವೆ ಆಗಾಗ ಕೆಲವು ನಿಮಿಷ ಕೈ ಬಿಡಿಸಿ ಬೆರಳುಗಳನ್ನು ಚಾಚಿ ಮಡಚಬೇಕು. ಕತ್ತಿಯ ಅಲಗು ಹರಿತವಾಗಿದ್ದರೆ ಒತ್ತುವ ಬಲ ಕಡಿಮೆ ಸಾಕು. ತೀರ ಸಣ್ಣ ಹಿಡಿಯಿರುವ ಉಪಕರಣಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಹಿಡಿತ ಸುಲಭ. ಸುಲಿತ, ಹಾಲು, ಬಟ್ಟೆ ಹಿಂಡುವುದು ಇವೆಲ್ಲ ಒಬ್ಬರ ಪಾಲಿಗೇ ಬೀಳದಂತೆ ಹಂಚಿಕೊಳ್ಳಬೇಕು. ಇಷ್ಟಲಿಂಗ ಪೂಜೆಯ ವೇಳೆ ಎಡಗೈ ಜೋಮು ಹಿಡಿಯುವವರು ಮುಂಗೈಗೆ ಕೆಳಗಿನಿಂದ ಆಧಾರ ಕೊಟ್ಟು, ಮಣಿಕಟ್ಟು ಹಿಂದಕ್ಕೆ ಬಾಗದಂತೆ ನೋಡಿಕೊಂಡರೆ ಹೆಚ್ಚು ಹೊತ್ತು ನೆಮ್ಮದಿಯಿಂದ ಕುಳಿತಿರಬಹುದು.

ಕುಟುಂಬದ ಹೊಣೆ

ಮಂಗನ ಕಾಯಿಲೆಯ ಸುದ್ದಿ ಬಂದರೆ ಮಲೆನಾಡಿನ ಊರೂರೂ ಎಚ್ಚರಗೊಳ್ಳುತ್ತದೆ. ಕೈಯ ಜೋಮು ಯಾರನ್ನೂ ಕೊಲ್ಲುವುದಿಲ್ಲವಾದ್ದರಿಂದ ಅದಕ್ಕೆ ಯಾರೂ ಎಚ್ಚರಗೊಳ್ಳುವುದಿಲ್ಲ. ನರಳುವವರೂ ಹೇಳಿಕೊಳ್ಳುವುದಿಲ್ಲ. ಸೊಸೆಯ ಕೈಯಿಂದ ಹಾಲಿನ ಲೋಟ ಜಾರಿದರೆ “ಕೈಯಲ್ಲಿ ಎಚ್ಚರ ಬೇಡವೇ?” ಎಂದು ಗದರುವ ಅತ್ತೆ, ಮೊದಲು ಆಕೆಯ ಬೆರಳುಗಳನ್ನು ಹಿಡಿದು ನೋಡಿ ವಿಚಾರಿಸಲಿ. ತಾಯಿ ರಾತ್ರಿ ಎದ್ದು ಕೂರುವುದನ್ನು ಕಂಡ ಮಗ, ಬೆಳಗ್ಗೆ ಆಸ್ಪತ್ರೆಗೆ ಕರೆದೊಯ್ಯುವ ಮನಸ್ಸು ಮಾಡಲಿ. ಅಂಗಳದಲ್ಲಿ ಸುಲಿಯಲು ಕುಳಿತ ಕೂಲಿಯ ಹೆಣ್ಣುಮಗಳು ಮತ್ತೆ ಮತ್ತೆ ಕೈ ಕೊಡವುತ್ತಿದ್ದರೆ, ಅಳತೆ ಕಡಿಮೆಯಾಯಿತೆಂದು ಲೆಕ್ಕ ಹಾಕುವ ಬದಲು ಆಕೆಗೆ ಬೇರೆ ಕೆಲಸ ಕೊಡುವ ಔದಾರ್ಯವನ್ನು ಮನೆಯ ಯಜಮಾನರು ತೋರಲಿ. ಕಾಯಕವನ್ನು ಪೂಜ್ಯವೆಂದು ಬಗೆದ ಪರಂಪರೆ ನಮ್ಮದು. ಕಾಯಕಕ್ಕೆ ಸಲ್ಲಿಸುವ ಗೌರವ ಕಾಯಕ ಮಾಡುವ ಕೈಗೂ ಸಲ್ಲಬೇಕು.

ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯ ಹೆಣ್ಣುಮಕ್ಕಳನ್ನು, ತೋಟದಲ್ಲಿ ದುಡಿಯುವವರನ್ನು ಒಂದು ಪ್ರಶ್ನೆ ಕೇಳಿ: “ರಾತ್ರಿ ಕೈ ಜೋಮು ಹಿಡಿಯುತ್ತದೆಯೇ? ಯಾವ ಬೆರಳು?” ಹೌದೆಂಬ ಉತ್ತರ ಬಂದರೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದನ್ನು ಮುಂದಿನ ಸುಗ್ಗಿಯವರೆಗೆ ಮುಂದೂಡಬೇಡಿ.